ಚಿನ್ನದ ತೂಕ



ಬೀದರಿನ ಗಾಂಧಿ ಗಂಜದಲ್ಲಿ ತೊಗರಿಯ ಚೀಲವು ತಕ್ಕಡಿಗೇರುವಾಗ ಅದರ ಧಾರಣೆಯನ್ನು ನಾವೆಲ್ಲರೂ ವಿಚಾರಿಸುವೆವು. ಚೀಲವನ್ನು ಹೊತ್ತು ತಂದ ಹಮಾಲನ ಬೆನ್ನನ್ನು ನೋಡುವವರು ವಿರಳ. ಚಿನ್ನದ ವಿಷಯದಲ್ಲಿಯೂ ನಮ್ಮ ರೂಢಿ ಹೀಗೆಯೇ. ಆದುದರಿಂದ ಇಂದು ಕೋಲಾರದ ಚಿನ್ನದ ಗಣಿಗಳ ಕಥೆಯನ್ನು ಅಲ್ಲಿ ದುಡಿದವರ ಕಡೆಯಿಂದ ನೋಡೋಣ.

1802ರಲ್ಲಿ ಲೆಫ್ಟಿನೆಂಟ್ ವಾರನನು ಮಾರಿಕುಪ್ಪದ ಸುತ್ತ ಹಳ್ಳಿಗರು ಚಿನ್ನ ತೆಗೆಯುತ್ತಿದ್ದ ಬಗೆಯನ್ನು ಕಂಡು ಬರೆದಿಟ್ಟನು. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದ ಲಾವೆಲ್ ಎಂಬ ಸೈನಿಕನು 1875ರಲ್ಲಿ, ಮೈಸೂರು ಇಂಗ್ಲಿಷ್ ಕಮೀಷನರ ಆಡಳಿತದಲ್ಲಿದ್ದಾಗ, ಗಣಿಯ ಅನುಮತಿ ಪಡೆದನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಬಂದಿತು.

1849ರ ಕ್ಯಾಲಿಫೋರ್ನಿಯಾದಲ್ಲಿ ಬಡವನೂ ಬೋಗುಣಿ ಹಿಡಿದು ಹೊಳೆಯ ಮರಳಿನಲ್ಲಿ ತನ್ನ ಅದೃಷ್ಟವನ್ನು ಅರಸಬಹುದಾಗಿತ್ತು. ಕೋಲಾರದ ಚಿನ್ನವಾದರೋ ಗಟ್ಟಿ ಬಂಡೆಯ ಗರ್ಭದಲ್ಲಿತ್ತು. ಅದನ್ನು ತೆಗೆಯಲು ಯಂತ್ರ ಬೇಕು, ಯಂತ್ರಕ್ಕೆ ಬಂಡವಾಳ ಬೇಕು. ಹೀಗಾಗಿ ಚಿನ್ನವು ಲಂಡನ್ನಿನ ಪಾಲುದಾರರದಾಯಿತು; ಅಗೆಯುವವನಿಗೆ ಕೂಲಿ ಮಾತ್ರ ಉಳಿಯಿತು.

ಉತ್ತರ ಆರ್ಕಾಟು, ಸೇಲಂ ಮೊದಲಾದ ಸೀಮೆಗಳಿಂದ ತಮಿಳು ಮಾತನಾಡುವ ಜನ ಬಂದರು. ಅವರಲ್ಲಿ ಬಹುಮಂದಿ ಅಸ್ಪೃಶ್ಯರೆನಿಸಿಕೊಂಡು ಊರ ಒಡೆಯರಿಗೆ ದುಡಿದಿದ್ದವರು. ಗಣಿಯ ಕೂಲಿ ಅವರನ್ನು ಆ ಹಳೆಯ ನೊಗದಿಂದ ಬಿಡಿಸಿತು, ಹೊಸ ನೊಗವನ್ನೂ ಹೊರಿಸಿತು. ಯೂರೋಪಿಯನ್ನರಿಗೆ ಬಂಗಲೆ, ಕ್ಲಬ್ಬುಗಳು. ಕೂಲಿಗಳಿಗೆ ತಟ್ಟಿಯ ಗುಡಿಸಲುಗಳ ಸಾಲು. ಕೆಳಗೆ ಬಂಡೆ ಸಿಡಿಯುವ ಭಯ, ಎದೆಗೆ ಕಲ್ಲಿನ ಧೂಳಿನ ರೋಗ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ಹಾದು ಮೊದಲು ಗಣಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದುದು 1905ರಲ್ಲಿ. ಆದರೂ ಆ ಜನ ಬಾಯಿಲ್ಲದವರಾಗಿ ಉಳಿಯಲಿಲ್ಲ. ಬೆರಳಚ್ಚು ಕೊಡಬೇಕೆಂಬ ಕಟ್ಟಳೆಯನ್ನು ವಿರೋಧಿಸಿ 1930ರಲ್ಲಿ ಮುಷ್ಕರ ಹೂಡಿದರು. ಕಳ್ಳರೆಂಬ ಗುಮಾನಿಗೆ ಅವರು ಕೊಟ್ಟ ಉತ್ತರವದು.

ಗಣಿಗಳು 1956ರಲ್ಲಿ ಸರಕಾರದ ವಶವಾದವು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, 2001ರಲ್ಲಿ ಮುಚ್ಚಿದವು. ಚಿನ್ನ ಹೊರಟುಹೋಯಿತು, ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳೂ ಜನರೂ ಉಳಿದರು. ಆ ಗಣಿಗಾರರ ಮಕ್ಕಳು ಮೊಮ್ಮಕ್ಕಳು ಇಂದು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ಬೀದರಿನಂತೆಯೇ ಹಿಂದೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಸೀಮೆಯ ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ. ಆದಕಾರಣ ಇದು ಮುಗಿದ ಕಥೆಯಲ್ಲ. ಫಸಲು ಮಾರಿದ ಹಣದಲ್ಲಿ ಮಗಳಿಗೆ ಒಂದೆಳೆ ಸರ ಕೊಳ್ಳುವಾಗ ನಾವು ತೂಕ ನೋಡುತ್ತೇವೆ, ಒರೆ ನೋಡುತ್ತೇವೆ. ಅದನ್ನು ತೆಗೆದವನಿಗೆ ಏನು ದಕ್ಕಿತೆಂಬುದನ್ನೂ ಒಮ್ಮೆ ಕೇಳುವುದು ನಮ್ಮ ಧರ್ಮ.