ಅಂತರರಾಷ್ಟ್ರೀಯ ಡಿಪ್ಲೊಮಾ ಶಿಕ್ಷಣದ ಪ್ರಯೋಜನ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ವಿದ್ವತ್ಸಭೆಯಲ್ಲಿ ಮಾತನಾಡುವಷ್ಟು ಪಾಂಡಿತ್ಯವು ನನಗಿಲ್ಲ. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿದ ಅನುಭವವೊಂದೇ ನನ್ನ ಬಂಡವಾಳವು. ಆ ಅನುಭವದಲ್ಲಿ ಒಂದು ತಪ್ಪೊಪ್ಪಿಗೆಯೂ ಸೇರಿದೆ. ನಾನು ಟಿಪ್ಪಣಿಗಳನ್ನು ಬರೆಯಿಸುತ್ತಿದ್ದೆನು. ಮಕ್ಕಳು ಅವನ್ನು ಬಾಯಿಪಾಠ ಮಾಡಿ ಅಂಕಗಳನ್ನು ಗಳಿಸುತ್ತಿದ್ದರು. ತರಗತಿಗೇ ಮೊದಲಿಗನಾಗಿ ತೇರ್ಗಡೆ ಹೊಂದಿದ್ದ ಶಿಷ್ಯನೊಬ್ಬನು ಕೆಲವು ವರ್ಷಗಳ ತರುವಾಯ ಬಂದು, “ಗುರುಗಳೇ, ಕಾಲೇಜಿನಲ್ಲಿ ನಿನ್ನ ಅಭಿಪ್ರಾಯವೇನು, ಅದಕ್ಕೆ ಆಧಾರವೇನು ಎಂದು ಕೇಳಿದರು. ನನಗೆ ಒಂದು ಸಾಲನ್ನೂ ಬರೆಯಲಾಗಲಿಲ್ಲ” ಎಂದನು. ಈತನಿಗೆ ನಾನು ಕೊಡದೆಹೋದುದು ಯಾವುದು ಎಂದು ಚಿಂತಿಸುತ್ತಿದ್ದಾಗಲೇ, ಜನರು ಐ.ಬಿ. ಡಿಪ್ಲೊಮಾ ಎಂದು ಕರೆಯುವ ಪಾಠಕ್ರಮದ ಪರಿಚಯವು ನನಗಾಯಿತು.

ಇದರ ಹುಟ್ಟು ಜಿನೀವಾ ನಗರದಲ್ಲಿ. ಮೊದಲನೆಯ ಮಹಾಯುದ್ಧದ ತರುವಾಯ ರಾಷ್ಟ್ರಸಂಘವು ಅಲ್ಲಿ ನೆಲೆಗೊಂಡಿತು. ನಾನಾ ದೇಶಗಳಿಂದ ಬಂದ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಒಂದು ಅಂತರರಾಷ್ಟ್ರೀಯ ಶಾಲೆಯು ಸ್ಥಾಪಿತವಾಯಿತು. ಮಕ್ಕಳು ಒಂದೇ ಶಾಲೆಯಲ್ಲಿ ಕಲಿತರೂ ತಂತಮ್ಮ ದೇಶದ ವಿಶ್ವವಿದ್ಯಾಲಯವನ್ನು ಸೇರಲು ಬೇರೆಬೇರೆ ಪರೀಕ್ಷೆಗಳಿಗೆ ಸಿದ್ಧರಾಗಬೇಕಾಗಿತ್ತು. ಈ ತೊಡಕನ್ನು ನೀಗುವ ಯತ್ನದಿಂದಲೇ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಸಂಸ್ಥೆಯು ರೂಪುಗೊಂಡಿತು. ಬ್ರಿಟಿಷ್ ಶಿಕ್ಷಣತಜ್ಞರಾದ ಆಲೆಕ್ ಪೀಟರ್ಸನ್ನರು ಅದರ ಮೊದಲ ಮಹಾನಿರ್ದೇಶಕರು. ಭಾರತದಲ್ಲಿ ಕೊಡೈಕೆನಾಲಿನ ಅಂತರರಾಷ್ಟ್ರೀಯ ಶಾಲೆಯು 1976ರಲ್ಲಿ ಇದನ್ನು ಮೊಟ್ಟಮೊದಲು ಕೈಕೊಂಡಿತು. ಇಂದು ಬೆಂಗಳೂರಿನಲ್ಲಿಯೂ ಇಂಥ ಶಾಲೆಗಳಿವೆ.

ನಮ್ಮ ಪಿ.ಯು.ಸಿ.ಯಂತೆಯೇ ಇದು ಎರಡು ವರ್ಷಗಳ ಅಭ್ಯಾಸ. ವಿದ್ಯಾರ್ಥಿಯು ಆರು ವಿಷಯಗಳನ್ನು ಕಲಿಯಬೇಕು. ಸಾಹಿತ್ಯ, ಮತ್ತೊಂದು ಭಾಷೆ, ಸಮಾಜಶಾಸ್ತ್ರಗಳಲ್ಲೊಂದು, ವಿಜ್ಞಾನ, ಗಣಿತ, ಇವೈದೂ ಬೇಕೇ ಬೇಕು; ಆರನೆಯದು ಕಲೆಯಾಗಬಹುದು, ಇಲ್ಲವೆ ಈ ವರ್ಗಗಳಲ್ಲಿಯ ಇನ್ನೊಂದು ವಿಷಯವಾಗಬಹುದು. ಸಾಮಾನ್ಯವಾಗಿ ಮೂರು ವಿಷಯಗಳನ್ನು ಉನ್ನತ ಮಟ್ಟದಲ್ಲಿ 240 ಗಂಟೆಗಳಷ್ಟೂ, ಉಳಿದವನ್ನು 150 ಗಂಟೆಗಳಷ್ಟೂ ಬೋಧಿಸುವರು. ಪ್ರತಿಯೊಂದು ವಿಷಯಕ್ಕೆ ಹೆಚ್ಚೆಂದರೆ 7 ಅಂಕಗಳು. ಎಲ್ಲವೂ ಸೇರಿ ಪರಮಾವಧಿ 45. ವಿಜ್ಞಾನವನ್ನು ಹಿಡಿದವನು ಸಾಹಿತ್ಯವನ್ನು ಬಿಡುವಂತಿಲ್ಲ. ಸಾಹಿತ್ಯಪ್ರಿಯನು ಗಣಿತಕ್ಕೆ ಬೆನ್ನು ತಿರುಗಿಸುವಂತಿಲ್ಲ. ಹದಿನಾರರ ಹರೆಯದಲ್ಲಿಯೇ ಬುದ್ಧಿಯ ಒಂದು ಕಣ್ಣನ್ನು ಮುಚ್ಚಿಸದಿರುವುದು ಇದರ ಮೊದಲನೆಯ ಪ್ರಯೋಜನವು.

ಎರಡನೆಯದು ಇದಕ್ಕಿಂತಲೂ ದೊಡ್ಡದು. ಜ್ಞಾನಮೀಮಾಂಸೆಯೆಂಬ ಒಂದು ಪಾಠವು ಎಲ್ಲರಿಗೂ ಕಡ್ಡಾಯವಾಗಿರುತ್ತದೆ. ನಾವು ತಿಳಿದಿದ್ದೇವೆಂಬುದನ್ನು ಹೇಗೆ ತಿಳಿದೆವು? ಇತಿಹಾಸದ ಪ್ರಮಾಣಕ್ಕೂ ವಿಜ್ಞಾನದ ಪ್ರಮಾಣಕ್ಕೂ ಭೇದವೇನು? ಇಂಥ ಪ್ರಶ್ನೆಗಳನ್ನು ಅಲ್ಲಿ ವಿಚಾರಿಸುವರು. ಇದಲ್ಲದೆ ಪ್ರತಿಯೊಬ್ಬನೂ ತಾನೇ ಆರಿಸಿಕೊಂಡ ವಿಷಯದ ಮೇಲೆ, ಮಾರ್ಗದರ್ಶಕರ ಮೇಲ್ವಿಚಾರಣೆಯಲ್ಲಿ, 4,000 ಪದಗಳ ಮಿತಿಯೊಳಗೆ ಒಂದು ದೀರ್ಘ ಪ್ರಬಂಧವನ್ನು ಬರೆಯಬೇಕು. ಆಕರಗಳನ್ನು ಹುಡುಕುವುದು, ಪರರ ಮಾತನ್ನು ಪರರದೆಂದೇ ಒಪ್ಪಿಕೊಳ್ಳುವುದು, ಬರೆದುದನ್ನು ಅಳಿಸಿ ಮತ್ತೆ ಬರೆಯುವುದು, ಇವು ಬಾಯಿಪಾಠದಿಂದ ಬರುವ ವಿದ್ಯೆಗಳಲ್ಲ. ನನ್ನ ಶಿಷ್ಯನಿಗೆ ಕೊರತೆಯಾದುದು ಇದೇ.

ಮೂರನೆಯದು ಸೃಜನ, ವ್ಯಾಯಾಮ, ಸೇವೆಗಳ ನಿಯಮವು. ಇದಕ್ಕೆ ಅಂಕಗಳೇ ಇಲ್ಲ. ಆದರೆ ಇದನ್ನು ಪೂರೈಸದವನಿಗೆ ಡಿಪ್ಲೊಮಾವೂ ಇಲ್ಲ! ಅಂಕದ ಆಸೆಯಿಲ್ಲದೆ ಮಾಡುವ ಕೆಲಸವೂ ವಿದ್ಯೆಯ ಅಂಗವೆಂದು ಒಂದು ಪರೀಕ್ಷಾಸಂಸ್ಥೆಯೇ ಒಪ್ಪಿರುವುದು ಗಮನಾರ್ಹವಾದ ಸಂಗತಿ.

ಮಾತೃಭಾಷೆಯ ವಿಷಯವಾಗಿಯೂ ಒಂದು ಮಾತು. ಬೋಧಿಸುವ ಅಧ್ಯಾಪಕರಿಲ್ಲದಿದ್ದರೂ ವಿದ್ಯಾರ್ಥಿಯು ತನ್ನ ನುಡಿಯ ಸಾಹಿತ್ಯವನ್ನು ಶಾಲೆಯ ನೆರವಿನಿಂದ ಸ್ವತಃ ಅಭ್ಯಸಿಸಲು ಈ ಕ್ರಮದಲ್ಲಿ ಎಡೆಯುಂಟು. ಸಿದ್ಧ ಪಟ್ಟಿಯಲ್ಲಿಲ್ಲದ ಭಾಷೆಗೆ ಮುಂಚಿತವಾಗಿ ವಿನಂತಿ ಮಾಡುವ ಮಾರ್ಗವೂ ಇದೆ. ಪರದೇಶಗಳಲ್ಲಿ ನೆಲಸಿದ ಕನ್ನಡ ತಂದೆತಾಯಿಗಳು ಇದನ್ನು ವಿಚಾರಿಸದೆ ಬಿಡಬಾರದು.

ದೋಷಗಳನ್ನು ಮುಚ್ಚಿಡುವುದು ಧರ್ಮವಲ್ಲ. ಇಂಥ ಶಾಲೆಗಳ ಶುಲ್ಕವು ಸಾಮಾನ್ಯ ಗೃಹಸ್ಥನ ಶಕ್ತಿಗೆ ಮೀರಿದುದು. ಅಭ್ಯಾಸದ ಹೊರೆಯು ಹಿರಿದು. ವೇಳೆಯನ್ನು ಅಚ್ಚುಕಟ್ಟಾಗಿ ಬಳಸಲರಿಯದ ಹುಡುಗನು ದಣಿದುಹೋಗುವನು. ನಮ್ಮ ದೇಶದ ವೈದ್ಯಕೀಯ, ತಾಂತ್ರಿಕ ಪ್ರವೇಶಪರೀಕ್ಷೆಗಳ ದಾರಿಯೂ ಬೇರೆ. ಅದಕ್ಕೆ ಪ್ರತ್ಯೇಕವಾದ ಸಿದ್ಧತೆ ಬೇಕಾದೀತು. ನೆರೆಯವರು ಸೇರಿಸಿದರೆಂದು ಮಗುವನ್ನು ಇದಕ್ಕೆ ನೂಕುವುದು ತರವಲ್ಲ.

ಹಾಗಾದರೆ ಬಡವರ ಮಕ್ಕಳಿಗೆ ಇದರಿಂದೇನು ಎಂದು ಕೇಳಬಹುದು. ಡಿಪ್ಲೊಮಾಕ್ಕೆ ಹಣ ಬೇಕು. ಅದರ ಹುರುಳಿಗೆ ಬೇಡ. ವಿದ್ಯಾರ್ಥಿನಿಲಯದ ಹುಡುಗನೊಬ್ಬನು ತನ್ನೂರಿನ ಕೆರೆಯು ಏಕೆ ಬತ್ತಿತೆಂದು ಹಿರಿಯರನ್ನು ಕೇಳಿ, ದಾಖಲೆಗಳನ್ನು ನೋಡಿ, ಕನ್ನಡದಲ್ಲಿ ಹತ್ತು ಪುಟ ಬರೆಯಲಿ. ವಾರಕ್ಕೊಮ್ಮೆ ಅಧ್ಯಾಪಕರು ಟಿಪ್ಪಣಿಯನ್ನು ಬದಿಗಿಟ್ಟು, “ಇದು ನಿಜವೆಂದು ನಿನಗೆ ಹೇಗೆ ಗೊತ್ತು?” ಎಂದು ಕೇಳಲಿ. ಇಷ್ಟನ್ನು ಮಾಡಲು ಜಿನೀವಾದ ಅಪ್ಪಣೆಯು ಬೇಕಿಲ್ಲ. ನಾನು ತಡವಾಗಿ ಕಲಿತ ಈ ಪಾಠವನ್ನು ಇಲ್ಲಿ ನೆರೆದಿರುವ ತರುಣ ಅಧ್ಯಾಪಕರು ಇಂದೇ ಕಲಿಯಲೆಂದು ಬಿನ್ನವಿಸುವೆನು.