ಒಂದು ರಾತ್ರಿಯ ವಸ್ತಿ



ನಮ್ಮ ಸೀಮೆಯಲ್ಲಿ ಒಂದು ಮಾತು ಬಳಕೆಯಲ್ಲಿದೆ: ವಸ್ತಿ. ದಾರಿಹೋಕನನ್ನು ಕಂಡರೆ “ಇಂದು ಎಲ್ಲಿ ವಸ್ತಿ?” ಎಂದು ಕೇಳುತ್ತಾರೆ. ರಾತ್ರಿ ಹಳ್ಳಿಗೆ ಬಂದು ನಿಂತು ಬೆಳಗಿನ ಜಾವ ಹೊರಡುವ ಬಸ್ಸಿಗೂ ವಸ್ತಿ ಬಸ್ಸು ಎಂದೇ ಹೆಸರು. ವಸತಿ ಎಂಬುದು ಜನರ ಬಾಯಲ್ಲಿ ಸವೆದು ವಸ್ತಿಯಾಯಿತು. ಜೈನರ ಬಸದಿಯೂ ಇದೇ ಮಾತಿನಿಂದ ಹುಟ್ಟಿದ್ದು. ಮನೆ ಎಂದೊಡನೆ ನನ್ನದು ಎಂಬ ಭಾವ ಬರುತ್ತದೆ. ವಸ್ತಿ ಎಂದರೆ ಹಾಗೆ ಬರುವುದಿಲ್ಲ. ಬೆಳಗಾದರೆ ಬಿಟ್ಟು ಹೋಗಬೇಕೆಂಬುದು ಆ ಮಾತಿನೊಳಗೇ ಕುಳಿತಿದೆ.

ಇಂದು ನಾವು ಗಂಡಹೆಂಡಿರಿಬ್ಬರು ಮಾಡಿದ ಅಂಥ ಒಂದು ರಾತ್ರಿಯ ವಸ್ತಿಯ ವಿಷಯ ಹೇಳಬೇಕೆಂದಿದ್ದೇವೆ. ಇದೇನು ದೊಡ್ಡ ಶಾಸ್ತ್ರವಲ್ಲ. ಆದರೆ ಈ ಒಂದು ರಾತ್ರಿಯ ಸಲುವಾಗಿ ನಮ್ಮ ಭಕ್ತರೇ ಒಂದು ಊರಿನಲ್ಲಿ ಎರಡು ಪಂಗಡವಾಗಿದ್ದಾರೆ. ಆದಕಾರಣ ಹೇಳಲೇಬೇಕಾಗಿದೆ.

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿ ನಿಮಗೆಲ್ಲ ಗೊತ್ತು. ನಡುವೆ ಮಸ್ಕಿ. ಈಗ ಬಸ್ಸಿನಲ್ಲಿ ಕುಳಿತು ಒಂದು ನಿದ್ದೆ ಮಾಡುವುದರೊಳಗೆ ಮುಗಿಯುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ಹಾಗಲ್ಲ. ನಡುವೆ ಒಂದು ವಸ್ತಿ ಬೇಕು. ಎತ್ತಿಗೆ ನೀರು, ಮನುಷ್ಯನಿಗೆ ನೆರಳು, ಹೆಂಗಸು ಜೊತೆಯಲ್ಲಿದ್ದರೆ ಒಂದು ಬಾಗಿಲು. ಇದಕ್ಕಾಗಿ ಉಳ್ಳವರು ದಾರಿಯ ಹಳ್ಳಿಗಳಲ್ಲಿ ಧರ್ಮಶಾಲೆ ಕಟ್ಟಿಸಿದರು. ದಪ್ಪ ಕಲ್ಲಿನ ಗೋಡೆ, ಒಳಗೆ ಕಟ್ಟಿಗೆಯ ಕಂಬದ ಪಡಸಾಲೆ, ಮಗ್ಗುಲಿಗೆ ದನ ಕಟ್ಟುವ ಕೊಟ್ಟಿಗೆ, ಹಿಂದೆ ಬಾವಿ. ಬಂದವರು ತಮ್ಮ ಬುತ್ತಿ ಬಿಚ್ಚಿ ಉಣ್ಣುವರು. ಬುತ್ತಿ ಇಲ್ಲದವರಿಗೆ ಮೂರು ಕಲ್ಲಿನ ಒಲೆ, ಒಂದು ಗಡಿಗೆ. ನೋಡಿಕೊಳ್ಳುವ ಮನೆತನಕ್ಕೆ ಸುಗ್ಗಿಯಲ್ಲಿ ಊರವರು ಕಾಳು ಹಾಕುವರು. ಆದರೆ ಬಾಗಿಲ ಹೊರಗೆ ಒಂದು ಕಟ್ಟೆಯೂ ಇರುತ್ತಿತ್ತು. ಅದು ಯಾರಿಗೆ? ಒಳಗೆ ಬಿಡದವರಿಗೆ. ಧರ್ಮಕ್ಕೂ ಹೀಗೆ ಒಂದು ಹೊರಗಿನ ಕಟ್ಟೆ ಕಟ್ಟಿಟ್ಟಿದ್ದರು ನೋಡಿರಿ.

ಕೆಲವು ವರ್ಷಗಳ ಹಿಂದಿನ ಮಳೆಗಾಲ. ಲಿಂಗಸುಗೂರು ಕಡೆಯ ಒಂದು ಹಳ್ಳಿಯ ಗಂಡಹೆಂಡಿರು ಸಿಂಧನೂರಿನ ಕಡೆಗೆ ಭತ್ತದ ನಾಟಿಗೆ ಹೊರಟರು. ನಮ್ಮ ಮಳೆಯಾಶ್ರಯದ ಹೊಲದವರಿಗೆ ಇದು ಹೊಸದಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆ ಆ ಕಡೆ ನೀರು ಕೊಟ್ಟಿತು. ಈ ಕಡೆಯವರು ಆ ನೀರಿನಲ್ಲಿ ಬೆನ್ನು ಬಗ್ಗಿಸಲು ಹೋಗುತ್ತಾರೆ. ದಾರಿಯಲ್ಲಿ ಹಳ್ಳ ತುಂಬಿ ಬಂದು ಬಸ್ಸು ಮುಂದೆ ಹೋಗಲಿಲ್ಲ. ಕತ್ತಲಾಯಿತು. ಹತ್ತಿರದ ಊರಿನ ಒಂದು ಲಾಡ್ಜಿಗೆ ಹೋದರು. ಕೈಯಲ್ಲಿ ರೊಕ್ಕವಿತ್ತು, ಬಿಟ್ಟಿ ಕೇಳಲಿಲ್ಲ. ಆಧಾರ್ ಕಾರ್ಡು ಕೇಳಿದರು, ಕೊಟ್ಟರು. ಕಾರ್ಡು ನೋಡಿ, ತಲೆಯ ಮೇಲಿನ ಗಂಟು ನೋಡಿ, ಕೋಣೆ ಖಾಲಿ ಇಲ್ಲವೆಂದರಂತೆ. ಇವರು ಮೆಟ್ಟಿಲು ಇಳಿಯುವುದರೊಳಗೆ ಮೋಟಾರು ಸೈಕಲ್ಲಿನ ಮೇಲೆ ಬಂದವರಿಗೆ ಕೀಲಿ ಕೊಟ್ಟರಂತೆ. ಕೊನೆಗೆ ಒಬ್ಬ ಟಂಟಂ ಹುಡುಗ, ಮುಂದಿನ ಹಳ್ಳಿಯಲ್ಲಿ ಹಳೆಯ ಧರ್ಮಶಾಲೆ ಇದೆಯೆಂದು ಹೇಳಿ, ಅಲ್ಲಿಗೆ ತಂದು ಇಳಿಸಿ ಹೋದ.

ಆ ಧರ್ಮಶಾಲೆಯಲ್ಲಿ ಈಗ ಇಳಿದುಕೊಳ್ಳುವವರು ವರ್ಷಕ್ಕೆ ಒಬ್ಬರೋ ಇಬ್ಬರೋ. ಮೂಲೆಯ ಕೋಣೆಯಲ್ಲಿ ಒಬ್ಬ ವಿಧವೆ ತಾಯಿ ಒಂದು ಎಮ್ಮೆ ಕಟ್ಟಿಕೊಂಡು ಇದ್ದಾಳೆ. ಗಂಡನ ಮನೆತನದವರು ತಲೆಮಾರಿನಿಂದ ಅದನ್ನು ನೋಡಿಕೊಂಡು ಬಂದವರು. ನಮ್ಮ ಮಠದ ಭಕ್ತಳು, ಲಿಂಗಪೂಜೆ ತಪ್ಪಿಸಿದವಳಲ್ಲ. ಕರೆಂಟು ಹೋಗಿತ್ತು. ಹೊರಗೆ ಮಾತು ಕೇಳಿ ಕಂದೀಲು ಹಿಡಿದು ಬಂದಳು. ಕಟ್ಟೆಯ ಮೇಲೆ ಇಬ್ಬರು ಮುದುಡಿ ಕುಳಿತಿದ್ದಾರೆ. ಮೇಲಿನಿಂದ ಹನಿ ಬೀಳುತ್ತಿದೆ.

“ಯಾರಪಾ ಅದು? ಒಳಗ ಬರ್ರಿ, ಮಳಿ ಐತಿ. ಉಂಡೀರೇನು?”

ಗಂಡ ಎದ್ದು ನಿಂತು ಕೈಮುಗಿದು ತಮ್ಮ ಕೇರಿಯ ಹೆಸರು ಹೇಳಿದ. “ನಾವು ಇಲ್ಲೇ ಇರತೀವಿ ಯವ್ವಾ” ಎಂದ.

ಯಾರೂ ಕೇಳದೆ ಯಾಕೆ ಹೇಳಿದ? ಬೆಳಿಗ್ಗೆ ಗೊತ್ತಾಗಿ ಬೈಸಿಕೊಳ್ಳುವುದಕ್ಕಿಂತ ರಾತ್ರಿಯೇ ನೆನೆಯುವುದು ಲೇಸೆಂದು. ಎಷ್ಟು ಪೆಟ್ಟು ತಿಂದಿದ್ದರೆ ಮನುಷ್ಯನಿಗೆ ಈ ಬುದ್ಧಿ ಬರುತ್ತದೆ, ವಿಚಾರ ಮಾಡಿರಿ.

ಆ ತಾಯಿ ನಮ್ಮ ಮುಂದೆ ಬಂದು ಹೇಳಿದ ಮಾತು ಇದು: “ಅಪ್ಪಾರ, ನಿಮ್ಮ ಮುಂದ ಸುಳ್ಳ್ಯಾಕ ಹೇಳ್ಲಿ, ಒಂದು ಗಳಿಗಿ ನನಗೂ ಕಾಲು ಏಳಲಿಲ್ಲ. ನಮ್ಮ ಅತ್ತಿ ಇದ್ದಾಗ ಅಂಥವರಿಗೆ ಮ್ಯಾಲಿಂದ ನೀರು ಸುರುವತಿದ್ಳು. ಆದ್ರ ಆ ಹೆಣಮಗಳು ನಡಗಾಕ ಹತ್ತಿದ್ಳು. ಸೆರಗು ತಲಿ ಮ್ಯಾಲ ಹೊದ್ದಿದ್ದಿಲ್ಲ, ಬುತ್ತಿ ಗಂಟಿನ ಮ್ಯಾಲ ಹೊಚ್ಚಿದ್ಳು. ‘ನಾ ಕೇರಿ ಕೇಳಲಿಲ್ಲ ತಮ್ಮಾ, ಉಂಡೀರೇನು ಅಂತ ಕೇಳಿದೆ’ ಅಂದು ಒಳಗ ಕರಕೊಂಡೆ.”

ಆ ಒಂದು ಗಳಿಗೆಯನ್ನು ಮುಚ್ಚಿಡದೆ ಹೇಳಿದಳಲ್ಲ, ನಮಗೆ ಅದೇ ಹೆಚ್ಚೆನಿಸಿತು. ದೊಡ್ಡ ಮಾತು ಆಡಲಿಲ್ಲ, ನಾನು ಉದ್ಧಾರ ಮಾಡಿದೆ ಎನ್ನಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಬಿಸಿ ಹಾಲು ಕೊಟ್ಟು, ಜಮಖಾನೆ ಹಾಸಿ, ಕಂಬಳಿ ಕೊಟ್ಟಳು. ಇವಳು ಹೊಚ್ಚಿಕೊಳ್ಳುವ ಕಂಬಳಿಯೇ ಅದು, ಬೇರೆ ಇರಲಿಲ್ಲ.

ಬೆಳಗಿನ ಜಾವ ಈಕೆ ಏಳುವುದರೊಳಗೆ ಆ ಹೆಣ್ಣುಮಗಳು ಪಡಸಾಲೆ ಗುಡಿಸಿ, ಜೇಡ ತೆಗೆದು, ಸೆಗಣಿಯಿಂದ ಸಾರಿಸಿ, ಬಾವಿಯಿಂದ ನೀರು ಸೇದಿ ಹಾಕಿದ್ದಳು. ಗಂಡ ಒಂದು ತುಂಡು ತಂತಿ ಹುಡುಕಿ, ಜೋತುಬಿದ್ದ ಹೊರಬಾಗಿಲನ್ನು ಎತ್ತಿ ಬಿಗಿದಿದ್ದ. ಯಾರೂ ಹೇಳಿದ್ದಿಲ್ಲ. ಹೊರಡುವಾಗ ತಾಯಿ ಒಂದು ಸೇರು ಅಕ್ಕಿ ಕಟ್ಟಿ ಕೊಡಲು ಬಂದಳು. ಆ ಹೆಣ್ಣುಮಗಳು ತೆಗೆದುಕೊಳ್ಳಲಿಲ್ಲ. “ನಾವು ಅಕ್ಕಿ ಬೆಳಿಯೋ ಸೀಮಿಗೇ ಹೊಂಟೀವಿ ಯವ್ವಾ. ಇದು ನಮ್ಮ ಹಿಂದ ಬರೋರಿಗೆ ಇರ್ಲಿ” ಎಂದಳು. ದಾರಿಗೆ ಎರಡು ರೊಟ್ಟಿ ಮಾತ್ರ ಕಟ್ಟಿಕೊಂಡರು.

ಈ ಮಾತು ಕೇಳಿದಾಗ ನಮಗೆ ಲಕ್ಕಮ್ಮನ ನೆನಪಾಯಿತು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದೂರದವರಲ್ಲ. ಇದೇ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಹನ್ನೆರಡನೆಯ ಶತಮಾನದಲ್ಲಿ ಈ ನೆಲದಿಂದ ಎದ್ದು ಕಲ್ಯಾಣಕ್ಕೆ ಹೋದ ದಂಪತಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ಮಾಡಿದವರು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದು ಹೇಳುತ್ತಾರೆ. ಲಕ್ಕಮ್ಮ ಹಿಗ್ಗಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಬಡವನಿಗೆ ಆಸೆ ಹೆಚ್ಚು ಎನ್ನುವವರು ಆ ಮನೆಯ ಗಡಿಗೆ ನೋಡಿಲ್ಲ. ಮಸ್ಕಿಯ ದಾರಿಯಲ್ಲಿ ಅಕ್ಕಿ ಒಲ್ಲೆನೆಂದ ಆ ಹೆಣ್ಣುಮಗಳು ಲಕ್ಕಮ್ಮನ ಕಥೆ ಕೇಳಿದ್ದಳೋ ಇಲ್ಲವೋ, ನಡೆದದ್ದು ಮಾತ್ರ ಅದೇ ದಾರಿ.

ಇಷ್ಟಾದ ಮೇಲೆ ಏನಾಗಬೇಕು? ಊರವರು ಸಂತೋಷಪಡಬೇಕು. ಆದದ್ದು ಬೇರೆ. ಎಂಟು ದಿನದಲ್ಲಿ ಐದಾರು ಮಂದಿ ಹಿರಿಯರು ಮಠಕ್ಕೆ ಬಂದರು. “ಅಪ್ಪಾರ, ಧರ್ಮಶಾಲೆ ಶುದ್ಧಿ ಮಾಡಿಸಬೇಕು” ಎಂದರು. ನಾವು ಕೇಳಿದೆವು: ಏನು ಮೈಲಿಗೆಯಾಯಿತು? ಹತ್ತು ವರ್ಷದ ಜೇಡರ ಬಲೆ ಇತ್ತು, ಆಗ ನೀವು ಶುದ್ಧಿ ಕೇಳಲಿಲ್ಲ. ಅದನ್ನು ತೆಗೆದು ಸಾರಿಸಿ ಹೋದವಳು ಆ ಹೆಣ್ಣುಮಗಳು. ಆಕೆ ಮಾಡಿದ್ದೇ ಶುದ್ಧಿ, ಇನ್ನು ಯಾವ ಶುದ್ಧಿ? ಒಬ್ಬರು ನಕ್ಕರು. ಇನ್ನೊಬ್ಬರು ಬಿಡಲಿಲ್ಲ. “ಹಿರಿಯರು ಹಾಕಿದ ಪದ್ಧತಿ ಐತಲ್ಲರಿ” ಎಂದರು.

ಒಳ್ಳೆಯದು, ಹಿರಿಯರ ಮಾತೇ ಆಡೋಣ. ನಿಮ್ಮ ಹಿರಿಯರು ಎಷ್ಟು ವರ್ಷದ ಹಿರಿಯರು? ನೂರು? ಇನ್ನೂರು? ಮಸ್ಕಿಯಲ್ಲಿ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿರಿಯದಾದ ಒಂದು ಬಂಡೆಗಲ್ಲು ಇದೆ. ಅಶೋಕ ಚಕ್ರವರ್ತಿಯ ಶಾಸನ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಅದನ್ನು ಕಂಡ. ಅದುವರೆಗೆ ಸಿಕ್ಕ ಇಂಥ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇತ್ತು. ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ನಮ್ಮ ಮಸ್ಕಿಯ ಕಲ್ಲಿನಲ್ಲಿ. ಹೆಸರು ಸಿಕ್ಕಿತೆಂದು ನಾವು ಹೆಮ್ಮೆಪಡುತ್ತೇವೆ, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಕಲ್ಲು ಹೇಳುವುದೇನೆಂದು ಕೇಳುವವರು ಕಡಿಮೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಕ್ಕುವುದೆಂದು ತಿಳಿಯಬೇಡಿರಿ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಸಿಕ್ಕುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿರಿ ಎಂಬ ಅರ್ಥ ಅದರಲ್ಲಿದೆ. ಇದೇ ರಾಜ ದಿಲ್ಲಿಯಲ್ಲಿ ಈಗ ನಿಂತಿರುವ ಒಂದು ಕಂಬದ ಮೇಲೆ, ತಾನು ದಾರಿಯಲ್ಲಿ ಆಲದ ಮರ ನೆಡಿಸಿದ್ದನ್ನೂ, ಅರ್ಧ ಹರದಾರಿಗೊಂದರಂತೆ ಬಾವಿ ತೋಡಿಸಿದ್ದನ್ನೂ, ತಂಗುಮನೆ, ಅರವಟಿಗೆ ಮಾಡಿಸಿದ್ದನ್ನೂ ಬರೆಸಿದ್ದಾನೆ. ಇವೆಲ್ಲ ಮನುಷ್ಯರಿಗೆ, ದನಕರುಗಳಿಗೆ ಎಂದಿದ್ದಾನೆ. ಯಾವ ಕೇರಿಯ ಮನುಷ್ಯರಿಗೆ ಎಂದು ಹೇಳಿಲ್ಲ. ಪದ್ಧತಿ ಬೇಕಾದರೆ ಈ ಪದ್ಧತಿ ಹಳೆಯದು. ಹೊರಗಿನ ಕಟ್ಟೆ ಆಮೇಲಿನದು.

ಕಾನೂನಿನ ಮಾತೂ ಅವರಿಗೆ ಹೇಳಿದೆವು. ಕೆಲವರಿಗೆ ಕಲ್ಲಿಗಿಂತ ಕಾಗದದ ಹೆದರಿಕೆ ಹೆಚ್ಚು. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳಿಗೆ ಕಾಯಿದೆ ಬಂತು. 1976ರಿಂದ ಅದಕ್ಕೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆಯೆಂದು ಹೆಸರು. ಅದರಲ್ಲಿ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆ ಎಂದು ಹೆಸರು ಹಿಡಿದೇ ಹೇಳಿದೆ. ಅಲ್ಲಿಗೆ ಬಂದವರನ್ನು ಅಸ್ಪೃಶ್ಯರೆಂದು ತಡೆದರೆ ಶಿಕ್ಷೆ. ಆದರೆ ಲಿಂಗವಂತನಿಗೆ ಇದನ್ನು ಕಾಯಿದೆಯಿಂದ ಹೇಳಬೇಕೇ? ಸಮಗಾರ ಹರಳಯ್ಯನನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿದ್ದರೆ ಕಲ್ಯಾಣಕ್ಕೆ ಆ ಕಷ್ಟವೇ ಬರುತ್ತಿರಲಿಲ್ಲ. ಶರಣರು ಸುಖವಾಗಿ ಉಂಡು ಮಲಗಬಹುದಾಗಿತ್ತು. ಹಾಗಾಗಿದ್ದರೆ ಇಂದು ನಮ್ಮ ಕೊರಳಲ್ಲಿ ಈ ಲಿಂಗವೂ ಇರುತ್ತಿರಲಿಲ್ಲ.

ಶುದ್ಧಿಯ ಮಾತು ಅಲ್ಲಿಗೆ ನಿಂತಿತು. ಮನಸ್ಸು ಪೂರ್ತಿ ತಿರುಗಿತೆಂದು ನಾವು ಹೇಳುವುದಿಲ್ಲ. ಈಗ ಹೊಸದೊಂದು ಎದ್ದಿದೆ. ಧರ್ಮಶಾಲೆ ಕಟ್ಟಿಸಿದ ಸಾವಕಾರರ ಮೊಮ್ಮಕ್ಕಳು ಅದನ್ನು ಕೆಡವಿ ರಸ್ತೆಯ ಬದಿಗೆ ಮಳಿಗೆ ಕಟ್ಟಿಸಬೇಕೆಂದಿದ್ದಾರೆ. ಈಗ ಯಾರು ಬರುತ್ತಾರೆ ಅಪ್ಪಾರ, ಎಲ್ಲರಿಗೂ ಬಸ್ಸು ಇದೆ, ಲಾಡ್ಜು ಇದೆ ಎನ್ನುತ್ತಾರೆ. ಬಸ್ಸು ಹಳ್ಳಕ್ಕೆ ನಿಂತದ್ದೂ, ಲಾಡ್ಜು ಯಾರಿಗೆ ಇದೆ ಯಾರಿಗೆ ಇಲ್ಲ ಎಂಬುದೂ ಈಗ ಕೇಳಿದಿರಲ್ಲ. ಮಳಿಗೆ ಬೇಡವೆಂದು ನಾವು ಹೇಳಿಲ್ಲ, ಅವರಿಗೂ ಸಂಸಾರವಿದೆ. ಮುಂದೆ ಮಳಿಗೆ ಕಟ್ಟಿರಿ, ಹಿಂದಿನ ಎರಡು ಅಂಕಣ ಪಡಸಾಲೆ ಮತ್ತು ಬಾವಿ ಉಳಿಸಿರಿ, ಆ ತಾಯಿ ಇರುವ ಕೋಣೆ ಮುಟ್ಟಬೇಡಿರಿ, ಹೊರಗಿನ ಕಟ್ಟೆಯನ್ನು ಮಾತ್ರ ಮೊದಲು ಕೆಡವಿರಿ ಎಂದಿದ್ದೇವೆ. ಶ್ರಾವಣದೊಳಗೆ ಹೇಳುತ್ತೇವೆಂದು ಹೋಗಿದ್ದಾರೆ. ಅವರಲ್ಲಿ ಇಬ್ಬರು ಈಗ ಇಲ್ಲಿಯೇ ಕುಳಿತಿದ್ದಾರೆ. ಹೆಸರು ಹೇಳುವುದಿಲ್ಲ, ತಲೆ ಎತ್ತಿ ಕುಳಿತುಕೊಳ್ಳಿರಿ.

ಹೊತ್ತಾಯಿತು. ಕೊನೆಯ ಬಸ್ಸಿಗೆ ಹೋಗುವವರು ಮೊದಲು ಪ್ರಸಾದಕ್ಕೆ ಏಳಿರಿ. ವಸ್ತಿ ಇರುವವರಿಗೆ ಹಿಂದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದಾರೆ.