ಮದ್ದು, ಮೇಜು ಮತ್ತು ಮನೆ



ಕಿತ್ತೂರಿನ ಕಥೆ ಹೇಳುವಾಗ ಈ ಭಾಗದ ಅಜ್ಜಂದಿರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. 1824ರ ಡಿಸೆಂಬರಿನಲ್ಲಿ ಕಂಪನಿ ಸರಕಾರದ ದಂಡು ಎರಡನೆಯ ಸಲ ಕೋಟೆಗೆ ಮುತ್ತಿಗೆ ಹಾಕಿದಾಗ ಮಲ್ಲಪ್ಪ ಶೆಟ್ಟಿ, ವೆಂಕಟರಾವ್ ಎಂಬ ಒಳಗಿನವರೇ ಮದ್ದಿಗೆ ಸೆಗಣಿ ಬೆರೆಸಿದರು, ತೋಪುಗಳು ಹಾರಲಿಲ್ಲ, ಕೋಟೆ ಬಿದ್ದಿತು ಎಂಬ ಮಾತು. ಅದಕ್ಕೆ ಆರು ವಾರ ಮೊದಲು, ಅಕ್ಟೋಬರ್ 23ರಂದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಅದೇ ಕೋಟೆಯ ಬಾಗಿಲಲ್ಲಿ ಪ್ರಾಣ ಬಿಟ್ಟಿದ್ದ. ಅಂದು ಕೆಲಸ ಮಾಡಿದ ಮದ್ದು ಡಿಸೆಂಬರಿನಲ್ಲಿ ಕೈಕೊಟ್ಟಿತು ಎಂದರೆ ಜನ ಕಾರಣ ಹುಡುಕದೆ ಇರುತ್ತಾರೆಯೇ?

ಸೋಲಿಗೆ ಇದೊಂದೇ ಕಾರಣ ಎಂದು ಯಾರೂ ಹೇಳಲಾರರು. ಡಿಸೆಂಬರಿನಲ್ಲಿ ಬಂದ ದಂಡು ಬಹಳ ದೊಡ್ಡದು, ಅದರ ತೋಪುಗಳೂ ದೊಡ್ಡವು. ಆದರೆ ಸೆಗಣಿಯ ಕಥೆ ಕಟ್ಟಿದವರಿಗೆ ಮದ್ದಿನ ಗುಣ ಚೆನ್ನಾಗಿ ಗೊತ್ತಿತ್ತು ಎಂಬುದಂತೂ ಸ್ಪಷ್ಟ. ಕೋಟೆಯನ್ನು ಗೆಲ್ಲಬೇಕಾದರೆ ಗೋಡೆ ಒಡೆಯಬೇಕಾಗಿಲ್ಲ, ಮದ್ದು ಇಟ್ಟ ಕೋಣೆಗೆ ಕೈ ಹಾಕಿದರೆ ಸಾಕು ಎಂಬ ತಿಳಿವಳಿಕೆ ಆ ಕಥೆಯಲ್ಲಿದೆ.

ಮದ್ದು ಎಂಬ ಮಾತನ್ನೇ ನೋಡಿ. ಕನ್ನಡದಲ್ಲಿ ರೋಗ ವಾಸಿ ಮಾಡುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ಯಾರೋ ಕೈಮದ್ದು ಹಾಕಿದರು ಎಂದರೆ ಅದು ವಿಷ. ಮೂರಕ್ಕೂ ಒಂದು ಗುಣ ಸಮಾನ: ಅಳತೆ ತಪ್ಪಿದರೆ ಪ್ರಾಣಕ್ಕೇ ಎರವು.

ಹಳೆಯ ಕರಿಮದ್ದಿನಲ್ಲಿ ಇರುವುದು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಉರಿಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅದರಿಂದಲೇ ಗಾಳಿ ಆಡದ ನಳಿಗೆಯ ಒಳಗೂ ಮದ್ದು ಉರಿಯುತ್ತದೆ. ಇದ್ದಿಲು ಸೌದೆ ಇದ್ದ ಹಾಗೆ. ಗಂಧಕ ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ. ಪೆಟ್ಲುಪ್ಪು ನೀರಿನಲ್ಲಿ ಕರಗುವ ಪದಾರ್ಥ. ಹಸಿ ಸೆಗಣಿಯಾಗಲಿ ಮಣ್ಣಾಗಲಿ ಬೆರೆತರೆ ಒಂದು ಕಡೆ ತೇವ ಸೇರಿ ಉಪ್ಪು ಕರಗಿ ಬೇರೆಯಾಗುತ್ತದೆ, ಇನ್ನೊಂದು ಕಡೆ ಕಾಳು ಕಾಳಿನ ನಡುವೆ ಉರಿಯದ ವಸ್ತು ಬಂದು ಕೂಡುತ್ತದೆ. ಬತ್ತಿ ಮುಟ್ಟಿಸಿದರೆ ಹೊಗೆ ಏಳುತ್ತದೆ, ಗುಂಡು ಹಾರುವುದಿಲ್ಲ. ಆಮೇಲೆ ಅದನ್ನು ಒಣಗಿಸಿದರೂ ಮೊದಲಿನ ಮದ್ದಾಗುವುದಿಲ್ಲ.

ಆದುದರಿಂದಲೇ ಅರಸರು ಮದ್ದಿಗೆ ಬೇರೆ ಮನೆ ಕಟ್ಟಿಸುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಈಗಲೂ ಇವೆ. ದಪ್ಪ ಗೋಡೆ, ಅರ್ಧ ನೆಲದೊಳಗೆ ಇಳಿದ ಕಟ್ಟಡ, ಒಳಗೆ ತಂಪು. ಅವುಗಳಲ್ಲಿ ಒಂದು ರೈಲು ಹಳಿಯ ಜೋಡಿ ಮಾರ್ಗಕ್ಕೆ ಅಡ್ಡ ಬಂದಾಗ, 2017ರಲ್ಲಿ, ಕೆಡವದೆ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಆಚೆ ಜರುಗಿಸಿದರು. ಇನ್ನೂರು ವರ್ಷ ಕಳೆದರೂ ಒಡೆಯದೆ ಸಾಗಿತೆಂದರೆ ಕಟ್ಟಿದವರ ಕೈ ಎಂಥದಿರಬೇಕು!

ಅರಸರ ಮಾತು ಹಾಗಾಯಿತು. ಮನೆಗಳ ಮಾತು ಬೇರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಬಂದೂಕು ಇದ್ದ ಮನೆಯಲ್ಲೇ ಗುಂಡೂ ತಯಾರಾಗುತ್ತಿತ್ತು. ಸೀಸ ಕರಗಿಸಿ ಹೊಯ್ಯಲು ಇಕ್ಕಳದಂಥ ಅಚ್ಚು, ಮದ್ದು ಇಡಲು ಕೊಂಬು, ಅಳೆಯಲು ಸಣ್ಣ ಕೊಳವೆ, ನಳಿಗೆಯೊಳಗೆ ದಬ್ಬಲು ಸಲಾಕೆ. ಇಷ್ಟಿದ್ದರೆ ಈಡು ಸಿದ್ಧ. ಬೇಟೆಯನ್ನೇ ನಂಬಿದ ಬೇಡರಿಗೆ, ಕಾವಲು ಕೆಲಸದ ಶೆಟ್ಸನದಿಗಳಿಗೆ, ದೇಸಾಯರ ವಾಡೆಯ ಆಳುಗಳಿಗೆ ಇದು ಕುಡುಗೋಲು ಮಸೆದಷ್ಟೇ ಸಹಜ.

ಈ ಸಹಜವಾದದ್ದೇ 1857ರಲ್ಲಿ ಅಪರಾಧವಾಯಿತು. ಉತ್ತರದ ದಂಗೆಗೆ ಕಿಡಿ ಹೊತ್ತಿಸಿದ್ದೇ ಕಾಡತೂಸು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೊಬ್ಬು ಸವರಿದ ಪೊಟ್ಟಣವದು. ಸಿಪಾಯಿ ಅದನ್ನು ಹಲ್ಲಿನಿಂದ ಹರಿಯಬೇಕಿತ್ತು. ಅದೇ ವರ್ಷ ಸರಕಾರ ಹತಾರ ಕಾಯ್ದೆ ಮಾಡಿತು. ಆಯುಧ ಇದ್ದವರೆಲ್ಲ ತಂದು ಒಪ್ಪಿಸಬೇಕು, ಪರವಾನಗಿ ಇದ್ದರೆ ಮಾತ್ರ ಇಟ್ಟುಕೊಳ್ಳಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಹಲಗಲಿಯ ಲಾವಣಿಯನ್ನು ಫ್ಲೀಟ್ ಸಾಹೇಬ ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಉಳಿಯಿತು. ಶಾಲೆಯ ಮಕ್ಕಳು ಅದನ್ನು ಪಾಠವಾಗಿ ಓದಿದ್ದಾರೆ. ಓದುವಾಗ ಸ್ವಾತಂತ್ರ್ಯದ ಕಿಚ್ಚು ಎಂಬ ಮಾತು ಮೊದಲು ಬರುತ್ತದೆ, ಸರಿಯೇ. ಆದರೆ ಬೇಡರ ಮನೆಯ ಮೂಲೆಯಲ್ಲಿದ್ದ ಹತಾರ ಹೋದರೆ ಅಂದಿನ ಊಟಕ್ಕೇ ಸಂಚಕಾರ ಎಂಬುದು ಅದಕ್ಕಿಂತ ಹತ್ತಿರದ ಸತ್ಯ.

ಮರುವರ್ಷ ಸರದಿ ನರಗುಂದದ್ದು. ಬಾಬಾಸಾಹೇಬರಿಗೆ ದತ್ತಕದ ಹಕ್ಕು ನಿರಾಕರಿಸಿದ ಸಿಟ್ಟು ಮೊದಲೇ ಇತ್ತು. ಮೇಲೆ ತೋಪು, ಮದ್ದು ಒಪ್ಪಿಸಬೇಕೆಂಬ ಆಜ್ಞೆ ಬಂತು. 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು. ಎರಡು ವಾರದಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಕಿತ್ತೂರು, ಹಲಗಲಿ, ಸುರೇಬಾನ ಈ ಮೂರನ್ನೂ ಒಂದು ನಕಾಶೆಯಲ್ಲಿಟ್ಟು ನೋಡಿದರೆ ಎಲ್ಲ ಕಡೆಯೂ ಮದ್ದು ಯಾರ ವಶದಲ್ಲಿರಬೇಕು ಎಂಬ ಪ್ರಶ್ನೆಯೇ ಕಾಣುತ್ತದೆ.

ಆಮೇಲೆ ಬಂದೂಕೇ ಬದಲಾಯಿತು. ಹಿಂದಿನಿಂದ ತುಂಬುವ ಬಂದೂಕು ಬಂತು, ಹಿತ್ತಾಳೆಯ ತೋಟಾ ಬಂತು. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಪೆಟ್ಟು ಬಿದ್ದರೆ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಯಲ್ಲಮ್ಮನ ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಆಟಿಕೆ ಪಿಸ್ತೂಲಿನ ಕೇಪಿಗೂ ಇದಕ್ಕೂ ತತ್ವ ಒಂದೇ. ಗುಂಡು ಹಾರಿದ ಮೇಲೆ ಮದ್ದು, ಕೇಪು, ಗುಂಡು ಮೂರೂ ಮುಗಿದವು. ಕೊಳವೆ ಮಾತ್ರ ಉಳಿಯಿತು. ತೋಟಾದಲ್ಲಿ ಬೆಲೆಯುಳ್ಳ ಭಾಗ ಅದೇ. ಅದನ್ನು ಮತ್ತೆ ತುಂಬಬಹುದಲ್ಲ ಎಂಬ ಲೆಕ್ಕಾಚಾರದಿಂದ ಹುಟ್ಟಿದ್ದೇ ಮನೆಯಲ್ಲಿ ತೋಟಾ ತುಂಬುವ ಹವ್ಯಾಸ. ಅಮೆರಿಕದಲ್ಲಿ ಅದು ಕಾನೂನಿಗೆ ಒಳಪಟ್ಟ ಸಾಮಾನ್ಯ ಹವ್ಯಾಸ. ಕಾರು ನಿಲ್ಲಿಸುವ ಕೋಣೆಯ ಒಂದು ಮೂಲೆಯಲ್ಲಿ ಅದಕ್ಕೆಂದೇ ಮೇಜು ಹಾಕಿಕೊಂಡಿರುತ್ತಾರೆ.

ಆ ಮೇಜನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಕಿತ್ತೂರಿನ ಸೆಗಣಿಯ ಕಥೆ ಹೇಳುವ ಪಾಠವನ್ನೇ ಅದು ಮರದಲ್ಲಿ ಕಟ್ಟಿ ನಿಲ್ಲಿಸಿದಂತಿದೆ.

ಮೊದಲನೆಯದು ಗಟ್ಟಿತನ. ಕೊಳವೆಯನ್ನು ಅಚ್ಚಿಗೆ ಒತ್ತಲು ಉದ್ದ ಹಿಡಿಕೆಯ ಒತ್ತುಯಂತ್ರವೊಂದನ್ನು ಮೇಜಿನ ಅಂಚಿಗೆ ಬೋಲ್ಟು ಹಾಕಿ ಕೂಡಿಸುತ್ತಾರೆ. ಹಿಡಿಕೆ ಕೆಳಗೆ ಜಗ್ಗಿದಾಗಲೆಲ್ಲ ಮೇಜು ಮುಂದಕ್ಕೆ ಬಾಗಲು ನೋಡುತ್ತದೆ. ತಿಳಿದ ಬಡಿಗ ಯಂತ್ರವನ್ನು ಹಲಗೆಯ ನಡುವೆ ಇಡದೆ ಕಾಲಿನ ನೇರಕ್ಕೆ ಇಡುತ್ತಾನೆ, ಹಲಗೆಯನ್ನು ಎರಡು ಪದರ ಮಾಡುತ್ತಾನೆ, ಹಿಂಬದಿಯನ್ನು ಗೋಡೆಗೆ ಬಿಗಿಯುತ್ತಾನೆ, ಭಾರದ ಸಾಮಾನನ್ನು ಕೆಳಗಿನ ಹಲಗೆಗೆ ತುಂಬುತ್ತಾನೆ. ಮೇಜು ಅಲುಗಿದರೆ ತಕ್ಕಡಿ ಅಲುಗುತ್ತದೆ, ಅಪಾಯ ಅಲ್ಲಿಂದಲೇ ಶುರು.

ಹಳೆಯ ಕರಿಮದ್ದನ್ನು ಕೊಳವೆಯಲ್ಲಿ ಅಳೆದು ಹಾಕಿದರೆ ನಡೆಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದ ಹೊಗೆರಹಿತ ಮದ್ದು ಹಾಗಲ್ಲ. ಅದಕ್ಕೆ ತೂಕ ಬೇಕು. ತೂಕದ ಮಾನ ಗ್ರೇನ್. ಒಂದು ಗುಲಗಂಜಿ ಸುಮಾರು ಎರಡು ಗ್ರೇನ್ ತೂಗುತ್ತದೆ. ಇಲ್ಲಿ ಅದರ ಇಪ್ಪತ್ತನೆಯ ಒಂದು ಪಾಲನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಪತ್ತಾರರು ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೂಗುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಮೇಜಿನ ಮೇಲೆ ಫ್ಯಾನು ಇರಬಾರದು, ಬೆಳಕು ಮಾತ್ರ ಧಾರಾಳ ಇರಬೇಕು.

ಎಲ್ಲಕ್ಕಿಂತ ಮುಖ್ಯ ನಿಯಮ ಇನ್ನೊಂದಿದೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ. ಹೊಗೆರಹಿತ ಮದ್ದಿನಲ್ಲಿ ಬೇಗ ಉರಿಯುವುದು, ನಿಧಾನ ಉರಿಯುವುದು ಎಂದು ಬಗೆ ಹಲವು, ಕಣ್ಣಿಗೆ ಮಾತ್ರ ಅವುಗಳಲ್ಲಿ ಎಷ್ಟೋ ಒಂದೇ ಥರ ಕಾಣುತ್ತವೆ. ನಿಧಾನದ್ದರ ಜಾಗದಲ್ಲಿ ಬೇಗದ್ದು ಬಿದ್ದರೆ ಬಂದೂಕು ಹೊಡೆಯುವವನ ಮುಖಕ್ಕೇ ಸಿಡಿಯುತ್ತದೆ. ಸೆಗಣಿ ಬೆರೆತ ಮದ್ದು ಹಾರದೆ ಕೆಡಿಸಿದರೆ, ಬೆರಕೆಯ ಮದ್ದು ಹಾರಿ ಕೆಡಿಸುತ್ತದೆ. ಈ ಕಾರಣಕ್ಕೆ ಉಳಿದ ಮದ್ದನ್ನು ಕೂಡಲೇ ಅದರದೇ ಡಬ್ಬಿಗೆ ಸುರಿಯುತ್ತಾರೆ. ಬೇರೆ ಡಬ್ಬಿಗೆ ತುಂಬುವುದಿಲ್ಲ, ಚೀಟಿ ಕೀಳುವುದಿಲ್ಲ. ಕೊಳವೆಗಳನ್ನು ತೂತಿರುವ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂಡಿಸುವ ಮೊದಲು ಬ್ಯಾಟರಿ ಹಿಡಿದು ಒಂದೊಂದರ ಒಳಗೂ ನೋಡುತ್ತಾರೆ. ಎಲ್ಲಿಯಾದರೂ ಎರಡು ಸಲ ಬಿದ್ದಿದ್ದರೆ ಆಗಲೇ ಕಾಣಬೇಕು. ಬೀಡಿ, ಮಾತು, ಟೀವಿ ಮೂರಕ್ಕೂ ಆ ಕೋಣೆಯಲ್ಲಿ ಪ್ರವೇಶವಿಲ್ಲ. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ರೊಟ್ಟಿ ಮುರಿಯುವಂತಿಲ್ಲ. ಸೀಸದ ವಿಷ ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು.

ದಾಸ್ತಾನಿಗೂ ಅಲ್ಲಿ ಮಿತಿ ಉಂಟು. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಯ ಪ್ರಕಾರ ಮನೆಯಲ್ಲಿ ಹೊಗೆರಹಿತ ಮದ್ದು 20 ಪೌಂಡು, ಅಂದರೆ ಸುಮಾರು 9 ಕಿಲೊ ಮೀರಿದರೆ ಅದನ್ನು ಒಂದು ಅಂಗುಲ ದಪ್ಪದ ಮರದ ಪೆಟ್ಟಿಗೆಯಲ್ಲಿ ಇಡಬೇಕು. ಕಬ್ಬಿಣದ ತಿಜೋರಿ ಯಾಕಲ್ಲ ಎಂದು ಯಾರಿಗಾದರೂ ಅನ್ನಿಸೀತು. ಬಿಗಿಯಾದ ಕಬ್ಬಿಣದೊಳಗೆ ಬೆಂಕಿ ಬಿದ್ದರೆ ಅನಿಲಕ್ಕೆ ದಾರಿ ಸಿಗದೆ ತಿಜೋರಿಯೇ ಬಾಂಬಾಗುತ್ತದೆ. ಮರದ್ದಾದರೆ ಬೇಗ ಬಾಯಿ ಬಿಡುತ್ತದೆ, ಮದ್ದು ಉರಿದು ಹೋಗುತ್ತದೆ, ಅಷ್ಟೇ.

ಇಷ್ಟು ಕೇಳಿದ ಮೇಲೆ ಬಡಿಗೇರರಿಗೆ ಹೇಳಿ ಇಂಥದೊಂದು ಮೇಜು ಮಾಡಿಸೋಣವೇ ಎಂದು ಯಾರಾದರೂ ಹುಡುಗರು ಯೋಚಿಸಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಭಾರತದಲ್ಲಿ 1959ರ ಆಯುಧ ಅಧಿನಿಯಮದ ಐದನೆಯ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ತಯಾರಿಕೆಯ ಪರವಾನಗಿ ಬೇರೆ. ಇದನ್ನು ಕಲಸಿಕೊಳ್ಳುವವರು ಬಹಳ. ಅದಕ್ಕಿಂತ ಸ್ವಾರಸ್ಯದ ಸಂಗತಿ ಎರಡನೆಯ ಕಲಮಿನಲ್ಲಿದೆ. ಮದ್ದುಗುಂಡು ಎಂದರೆ ಏನು ಎಂದು ಹೇಳುವಾಗ ಕಾಯ್ದೆ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಅದರಲ್ಲೇ ಸೇರಿಸಿದೆ. ಅಂದರೆ ಒಂದು ಚಿಟಿಕೆ ಮದ್ದೂ ಇಲ್ಲದಿರಲಿ, ಮೇಜಿಗೆ ಬಿಗಿದ ಒತ್ತುಯಂತ್ರವೇ ಕಾಯ್ದೆಯ ಕಣ್ಣಿಗೆ ಮದ್ದುಗುಂಡು. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ ಸಜೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಈ ಕಡೆಯವರಿಗೆ ಅಂಥದೇನೂ ಇಲ್ಲ. ಪರವಾನಗಿ ಉಳ್ಳ ರೈತ ತೋಟಾ ಬೇಕೆಂದರೆ ಅಧಿಕೃತ ಅಂಗಡಿಗೆ ಹೋಗಬೇಕು. ದೇಶದಲ್ಲಿ ತೋಟಾ ತಯಾರಿಸುವ ಹಳೆಯ ಕಾರ್ಖಾನೆಗಳಲ್ಲೊಂದು ಪುಣೆಯ ಖಡ್ಕಿಯಲ್ಲಿದೆ. 1869ರಲ್ಲಿ, ಎಂದರೆ ಹಲಗಲಿ ಸುಟ್ಟ ಹನ್ನೆರಡೇ ವರ್ಷಕ್ಕೆ, ಶುರುವಾದದ್ದು.

ಇನ್ನು ಮನೆಯಲ್ಲಿ ಮೊದಲಿನಿಂದಲೇ ಇರುವುದರ ಮಾತು. ಹಳೆಯ ವಾಡೆ ಕೆಡವುವಾಗ ಅಟ್ಟದ ಮೇಲೆ ತುಕ್ಕು ಹಿಡಿದ ಅಚ್ಚು, ಮದ್ದಿನ ಕೊಂಬು, ಗುಂಡಿನ ಚೀಲ ಸಿಗುವ ಸಾಧ್ಯತೆ ಇದ್ದೇ ಇದೆ. ಅಜ್ಜನ ಕಾಲದ್ದು, ಸತ್ತುಹೋಗಿದೆ ಎಂದು ಯಾರೂ ಭಾವಿಸಬಾರದು. ಕರಿಮದ್ದಿಗೆ ವಯಸ್ಸಾಗುವುದಿಲ್ಲ, ಒಣಗಿದ್ದರೆ ನೂರು ವರ್ಷ ಕಳೆದರೂ ಅದು ಮದ್ದೇ. ಅಮೆರಿಕದ ವರ್ಜೀನಿಯಾದಲ್ಲಿ 2008ರಲ್ಲಿ, ಅಲ್ಲಿನ 1860ರ ದಶಕದ ಯುದ್ಧದ ತೋಪಿನ ಗುಂಡುಗಳನ್ನು ಮನೆಯಂಗಳದಲ್ಲಿ ಶುಚಿ ಮಾಡುತ್ತಿದ್ದ ಅನುಭವಿ ಸಂಗ್ರಾಹಕರೊಬ್ಬರು ಒಂದು ಗುಂಡು ಸಿಡಿದು ತೀರಿಕೊಂಡರು. ಅಂಥದು ಕಂಡರೆ ಕೆರೆಯಬಾರದು, ಬಡಿಯಬಾರದು, ಒಲೆಯ ಹತ್ತಿರ ತರಬಾರದು, ಮಕ್ಕಳ ಕೈಗೆ ಕೊಡಬಾರದು. ಇದ್ದಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ತಿಳಿಸಬೇಕು. ತಾವಾಗಿ ತಿಳಿಸಿದರೆ ಎಲ್ಲಿ ಕೇಸಾಗುತ್ತದೋ ಎಂಬ ಹೆದರಿಕೆ ಹಳ್ಳಿಗಳಲ್ಲಿದೆ. ಬಚ್ಚಿಟ್ಟು ಆಮೇಲೆ ಸಿಕ್ಕಿಬೀಳುವುದಕ್ಕಿಂತ ಅದು ಮೇಲು.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ 2018ರ ಜುಲೈ ತಿಂಗಳಲ್ಲಿ ಒಂದು ಪಾಳು ಬಾವಿ ಅಗೆದಾಗ ಮೊದಲು ಗಮನಕ್ಕೆ ಬಂದದ್ದು ವಾಸನೆ. ಕೆಸರಿಗೇ ಮದ್ದಿನ ವಾಸನೆ ಇತ್ತು. ಇನ್ನೂ ಕೆಳಗೆ ಹೋದಂತೆ ಕಬ್ಬಿಣದ ಕೊಳವೆಗಳು ಸಿಕ್ಕವು, ಒಂದಲ್ಲ, ಎರಡಲ್ಲ, ಸಾವಿರದಷ್ಟು. ಟಿಪ್ಪುವಿನ ಕಾಲದ ರಾಕೆಟ್ಟುಗಳು. ಯಾರು, ಯಾವ ಅವಸರದಲ್ಲಿ ಅವನ್ನು ಬಾವಿಗೆ ಸುರಿದರೋ. ಈಗ ಅವು ಶಿವಮೊಗ್ಗದ ವಸ್ತುಸಂಗ್ರಹಾಲಯ ಸೇರಿವೆ.